ಗಿರಣಿಯಿಲ್ಲದ ಹದಿನಾಲ್ಕು ಯಂತ್ರಗಳು

ನಮ್ಮ ಭಾವನಿಗೆ ಸಿಟ್ಟು ಬರುವುದಿಲ್ಲ. ಅವನ ಮೇಲೆ ನನಗಿರುವ ಮೊದಲನೇ ದೂರು ಅದೇ. ಅವನ ಪಾಲಿನ ಬಿಸಿನೀರು ನಾನು ಮುಗಿಸಿದರೂ 'ಇರಲಿ ಬಿಡು' ಅಂತಾನೆ, ಅವನ ಛತ್ರಿ ನಾನು ಕಳೆದುಕೊಂಡು ಬಂದರೂ 'ಇರಲಿ ಬಿಡು' ಅಂತಾನೆ. ಆ ಮಾತು ಕೇಳಿದಾಗೆಲ್ಲ ತಲೆ ಹಿಡಿದು ಗೋಡೆಗೆ ಚಚ್ಚಬೇಕು ಅನಿಸುತ್ತದೆ. ನನ್ನ ತಲೆಯಲ್ಲ.

ಅಕ್ಕನ ಮದುವೆಯಾಗಿ ಏಳು ತಿಂಗಳು. ಬೇರೆ ಮನೆ ಸಿಗುವವರೆಗೆ ಅಂತ ಇಬ್ಬರೂ ನಮ್ಮಲ್ಲೇ ಉಳಿದರು. ಮೂರನೇ ಮಹಡಿಯ ಮನೆ, ಎರಡು ಕೋಣೆ, ಒಂದು ನಡುಮನೆ. ಒಂದು ಕೋಣೆ ಅಮ್ಮನದು. ಇನ್ನೊಂದು ನನ್ನದಾಗಿತ್ತು. ನನ್ನ ಹಾಸಿಗೆ ನಡುಮನೆಗೆ ಬಂತು, ನಾನು ಬಿಚ್ಚಿ ಹರವಿಕೊಂಡಿದ್ದ ಹಳೇ ಕಂಪ್ಯೂಟರುಗಳು ಅಟ್ಟ ಸೇರಿದವು, ಫ್ಯಾನಿನ ಕೆಳಗಿನ ಕುರ್ಚಿ ಅಳಿಯಂದಿರದಾಯಿತು. ಇಪ್ಪತ್ತಮೂರು ವರ್ಷ ನನ್ನನ್ನು 'ಏ' ಅಂತ ಕರೆದ ಅಮ್ಮ, ಅವನಿಗೆ ಟೀ ಕೊಡುವಾಗ ಕಪ್ಪಿನ ಹಿಡಿಯನ್ನು ಅವನ ಬಲಗೈಯ ಕಡೆಗೆ ತಿರುಗಿಸಿ ಇಡುತ್ತಾಳೆ. ನಾನು ನೋಡಿದ್ದೇನೆ. ಒಂದು ದಿನವೂ ತಪ್ಪಿಲ್ಲ.

ಕೋಣೆ ಹೋದದ್ದಕ್ಕೆ ಅಷ್ಟು ಸಂಕಟವಾಗಲಿಲ್ಲ. ಸಂಕಟವಾದದ್ದು ಅಕ್ಕನ ಬಾಯಿಂದ ಬಂದ ಒಂದು ಮಾತಿಗೆ.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಯಾರೂ ಬಿಡಿಸಲಿಲ್ಲ. ಮೇಷ್ಟ್ರಿಗೆ ಎದುರು ಮಾತಾಡಿದೆ, ಕ್ಷಮೆ ಕೇಳು ಅಂದರು, ಕೇಳಲಿಲ್ಲ, ಅಷ್ಟೇ. ಮನೆಯಲ್ಲಿ ಎಲ್ಲರೂ ಉಗಿದರು. ಅಕ್ಕ ಮಾತ್ರ ನನ್ನ ಕೈ ಹಿಡಿದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿ ಬಂದಳು. ಅಲ್ಲಿ ಸತ್ತುಹೋದ ಯಂತ್ರವೊಂದನ್ನು ಮೊದಲ ಸಲ ಎಬ್ಬಿಸಿದಾಗ ಓಡಿಬಂದು ಹೇಳಿದ್ದು ಅವಳಿಗೇ. 'ಭೇಷ್ ಕಣೋ' ಅಂದಳು. ಆಮೇಲೆ ನಾನು ಏನು ಕಲಿತರೂ, ಸಂಜೆ ಆ 'ಭೇಷ್ ಕಣೋ' ಸಿಗುತ್ತದೆ ಅಂತಲೇ ಕಲಿತೆ. ಅದನ್ನು ಅವಳು ಬೇರೆ ಯಾರಿಗೂ ಅಂದದ್ದು ಕೇಳಿರಲಿಲ್ಲ. ಮೂರು ತಿಂಗಳ ಹಿಂದೆ ಕೇಳಿದೆ. ಭಾವ ಅಡುಗೆಮನೆಯ ನಲ್ಲಿಗೆ ವಾಷರ್ ಹಾಕಿದ್ದ. ಒಂದು ವಾಷರಿಗೆ 'ಭೇಷ್ ಕಣ್ರೀ'.

ನನ್ನದು ಅಂತ ಆಮೇಲೆ ಉಳಿದಿದ್ದು ಒಂದು ಬೀಗದ ಕೈ ಗೊಂಚಲು. ಈ ಕತೆ ಅದರದ್ದೇ.

ಅಕ್ಕ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ನಾಲ್ಕು ವರ್ಷದ ಹಿಂದೆ ನನ್ನನ್ನೂ ಅಲ್ಲಿ ಸೇರಿಸಿದಳು. ದೊಡ್ಡ ಲ್ಯಾಬು ಒಂದು, ಬೇರೆ ಬೇರೆ ಬೀದಿಗಳಲ್ಲಿ ರಕ್ತ ತೆಗೆಯುವ ಪುಟ್ಟ ಕೇಂದ್ರಗಳು ಹದಿನಾಲ್ಕು. ಕೇಂದ್ರ ಅಂದರೆ ಒಂದು ಕಿಟಕಿ, ತೋಳು ಚಾಚಿ ಕೂರುವ ಒಂದು ಕುರ್ಚಿ, ಒಂದು ಫ್ರಿಜ್ಜು, ಕಬ್ಬಿಣದ ಕಪಾಟಿನೊಳಗೆ ಬೀಗ ಹಾಕಿಟ್ಟ ಒಂದು ಕಂಪ್ಯೂಟರು. ಒಂಬತ್ತನೇ ಕೇಂದ್ರ ಅಕ್ಕನದು. ಬೆಳಿಗ್ಗೆ ರಕ್ತ ತೆಗೆದು ವ್ಯಾನಿಗೆ ಕೊಟ್ಟರೆ ದೊಡ್ಡ ಲ್ಯಾಬಿನಲ್ಲಿ ಪರೀಕ್ಷೆಯಾಗಿ, ಹನ್ನೊಂದರ ಹೊತ್ತಿಗೆ ಕೇಂದ್ರದಲ್ಲೇ ರಿಪೋರ್ಟು ಅಚ್ಚಾಗಿ ಬರುತ್ತದೆ.

ಅದು ತಾನಾಗಿ ಬರುವುದಿಲ್ಲ. ಕೇಂದ್ರದ ಕಂಪ್ಯೂಟರು ದೊಡ್ಡ ಲ್ಯಾಬಿನ ಸರ್ವರನ್ನು 'ಇಂಥ ನಂಬರಿನ ಸೀಸೆಯ ಫಲಿತಾಂಶ ಏನು' ಅಂತ ಕೇಳಬೇಕು. ಏನೇನು ಕೇಳಬಹುದು, ಉತ್ತರ ಯಾವ ರೂಪದಲ್ಲಿ ಬರುತ್ತದೆ ಅನ್ನುವ ವಿವರಪಟ್ಟಿಯೊಂದು ಸರ್ವರಿನ ಹತ್ತಿರವೇ ಇರುತ್ತದೆ. ಆ ಪಟ್ಟಿಗೆ ತಕ್ಕ ಹಾಗೆ ಕೇಳಿ, ಉತ್ತರ ಓದಿ, ಅಚ್ಚಿಗೆ ಕಳಿಸುವ ಸಣ್ಣ ಪ್ರೋಗ್ರಾಮಿಗೆ ಕ್ಲೈಂಟು ಅನ್ನುತ್ತಾರೆ. ಕ್ಲೈಂಟನ್ನು ಬರೆದುಬಿಟ್ಟರೆ ಸಾಲದು. ಬರೆದದ್ದನ್ನು ಯಂತ್ರಕ್ಕೆ ಅರಗುವ ಹಾಗೆ ಮಾಡಿಕೊಡಲು ಕಂಪೈಲರ್ ಬೇಕು. ಅದಕ್ಕೆ ನಾನಿಟ್ಟ ಹೆಸರು ಗಿರಣಿ, ಲ್ಯಾಬಿನಲ್ಲಿ ಎಲ್ಲರಿಗೂ ಅದೇ ರೂಢಿಯಾಯಿತು. ಬರೆದದ್ದು ಕಾಳು, ಗಿರಣಿಯಿಂದ ಬಂದದ್ದು ಹಿಟ್ಟು, ಯಂತ್ರಕ್ಕೆ ಹಿಟ್ಟೇ ಆಗಬೇಕು.

ಕೇಂದ್ರದ ಯಂತ್ರಗಳಲ್ಲಿ ಗಿರಣಿ ಇಲ್ಲ. ಮೊದಲು ಇತ್ತು. ಮೂರನೇ ಕೇಂದ್ರದಲ್ಲಿದ್ದ ಮಹಾನುಭಾವನೊಬ್ಬ ಕೆಲಸವಿಲ್ಲದ ಹೊತ್ತಿನಲ್ಲಿ ಅದರಲ್ಲೇ ಕಾರ್ ರೇಸಿನ ಆಟ ತಯಾರಿಸಿ, ಯಂತ್ರವನ್ನು ಎರಡು ದಿನ ಮಲಗಿಸಿದ. ಲ್ಯಾಬಿನ ಯಜಮಾನರಾದ ಡಾಕ್ಟರು ಅವತ್ತೇ ಅಪ್ಪಣೆ ಮಾಡಿದರು: ರೋಗಿಗಳ ವಿವರ ಇರುವ ಯಂತ್ರದಲ್ಲಿ ಹೊಸದೇನೂ ಹುಟ್ಟಬಾರದು. ಹದಿನಾಲ್ಕರಿಂದಲೂ ಗಿರಣಿ ಕಿತ್ತುಹಾಕಿ ಕಪಾಟಿಗೆ ಬೀಗ ಜಡಿದವನು ನಾನೇ. ಅಲ್ಲಿಂದ ಮುಂದೆ ಸರ್ವರಿನ ಪಟ್ಟಿಯಲ್ಲಿ ಒಂದು ಸಾಲು ಬದಲಾದರೂ ಕ್ಲೈಂಟನ್ನು ಕೈಯಲ್ಲೇ ತಿದ್ದಿ, ಲ್ಯಾಬಿನಲ್ಲೇ ಬೀಸಿ, ಪೆನ್‌ಡ್ರೈವಿಗೆ ತುಂಬಿ, ಸ್ಕೂಟರಿನಲ್ಲಿ ಹದಿನಾಲ್ಕು ಕಡೆ ಹೋಗಿ ಹಾಕಿ ಬರುತ್ತಿದ್ದೆ. ಗೊಂಚಲು ಸೊಂಟದಲ್ಲಿ ಝಣಗುಟ್ಟಿದರೆ ಕಿಟಕಿಯಲ್ಲಿರುವವರು ತಲೆ ಎತ್ತದೆ ಬಾಗಿಲು ತೆಗೆಯುತ್ತಿದ್ದರು. ಯಾವ ಕೈ ಯಾವ ಬೀಗದ್ದು ಅಂತ ಒಂದಕ್ಕೂ ಗುರುತು ಬರೆದಿರಲಿಲ್ಲ. ನನ್ನ ಬೆರಳಿಗೆ ಗೊತ್ತಿತ್ತು, ಇನ್ಯಾರಿಗೆ ಗೊತ್ತಾಗಬೇಕು.

ಇಂಥ ಜಾಗಕ್ಕೆ ಭಾವನನ್ನು ಕರೆತಂದವನೂ ನಾನೇ. ಅವನಿದ್ದ ಕಂಪನಿ ಮುಚ್ಚಿತು. ಮನೆಯಲ್ಲಿ ಕೂತಿದ್ದ. ಅಕ್ಕನ ಮುಖ ನೋಡಲಾಗದೆ ಅವನ ಅರ್ಜಿಯನ್ನು ನಾನೇ ಡಾಕ್ಟರ ಮೇಜಿನ ಮೇಲಿಟ್ಟೆ. ಡಾಕ್ಟರು ಡಿಗ್ರಿ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ನಾಲ್ಕು ವರ್ಷದಲ್ಲಿ ನನಗಾಗಿ ಅವರು ಕನ್ನಡಕ ಒರೆಸಿದ್ದಿಲ್ಲ.

ಬಂದ ಎರಡನೇ ತಿಂಗಳಿಗೆ ಹೊಸ ಸರ್ವರು ಬಂತು. ಪಟ್ಟಿ ಪೂರ್ತಿ ಬದಲು. ಸೋಮವಾರ ಬೆಳಿಗ್ಗೆಯಿಂದ ಹಳೆಯದು ಬಂದ್, ಹೊಸದು ಶುರು. ಡಾಕ್ಟರು ನಮ್ಮಿಬ್ಬರನ್ನೂ ಕರೆದು ಹೇಳಿದ್ದು ನೇರವಾಗಿತ್ತು: ಯಾರ ಕ್ಲೈಂಟು ಹದಿನಾಲ್ಕರಲ್ಲೂ ಓಡುತ್ತದೋ ಅವರೇ ಇನ್ನು ಮುಂದೆ ಎಲ್ಲ ಯಂತ್ರಗಳ ಜವಾಬ್ದಾರಿ, ಗೊಂಚಲು ಅವರ ಹತ್ತಿರ. ಮೊದಲ ಅವಕಾಶ ಭಾವನದು. ಅವನದು ಕೈಕೊಟ್ಟರೆ ನನ್ನದು.

ನಾನು ವಾರವಿಡೀ ಕೂತು ಹೊಸ ಪಟ್ಟಿಗೆ ಕ್ಲೈಂಟನ್ನು ಕೈಯಲ್ಲಿ ಬರೆದೆ. ಭಾವ ಕ್ಲೈಂಟ್ ಬರೆಯಲೇ ಇಲ್ಲ. ಕ್ಲೈಂಟನ್ನು ಬರೆಯುವ ಪ್ರೋಗ್ರಾಮು ಬರೆದ.

ಶುಕ್ರವಾರ ಅದನ್ನು ದೊಡ್ಡ ಲ್ಯಾಬಿನ ಯಂತ್ರದಲ್ಲಿ ತೋರಿಸಿದ. ಯಂತ್ರ ಶುರುವಾದ ಕೂಡಲೇ ಅವನ ಪ್ರೋಗ್ರಾಮು ಸರ್ವರಿಗೆ ಹೋಗಿ ವಿವರಪಟ್ಟಿ ತರುತ್ತದೆ, ಓದುತ್ತದೆ, ಅದಕ್ಕೊಪ್ಪುವ ಕ್ಲೈಂಟನ್ನು ಸಾಲು ಸಾಲಾಗಿ ತಾನೇ ಬರೆಯುತ್ತದೆ, ಗಿರಣಿಗೆ ಹಾಕಿ ಬೀಸಿಕೊಂಡು ಓಡಿಸುತ್ತದೆ. ನಾಳೆ ಪಟ್ಟಿ ಬದಲಾದರೆ ನಾಳೆಯ ಕ್ಲೈಂಟು ತಾನಾಗಿ ಬೇರೆ. ಕೈಯಲ್ಲಿ ಒಂದು ಸಾಲು ಬರೆಯಬೇಕಿಲ್ಲ. ಕೇಂದ್ರಗಳಿಗೆ ಸ್ಕೂಟರಿನಲ್ಲಿ ಹೋಗಬೇಕಾದ್ದೂ ಇಲ್ಲ, ಲ್ಯಾಬಿನಿಂದಲೇ ತಂತಿಯ ಮೇಲೆ ಕಳಿಸಿಬಿಡಬಹುದು. ಪರದೆಯ ಮೇಲೆ ಸಾಲುಗಳು ಬಿಚ್ಚಿಕೊಳ್ಳುತ್ತಿದ್ದರೆ ನಾನು ಕಣ್ಣನ್ನು ಗೋಡೆಯ ಕಡೆ ತಿರುಗಿಸಿದೆ. ಚೆನ್ನಾಗಿರಲಿಲ್ಲ ಅಂತಲ್ಲ, ಚೆನ್ನಾಗಿತ್ತು. ನಾನು ನಾಲ್ಕು ವರ್ಷ ಸ್ಕೂಟರ್ ಓಡಿಸಿ ಮಾಡಿದ್ದನ್ನು ಅದು ಟೀ ಆರುವುದರೊಳಗೆ ಮಾಡಿತು. ಎಲ್ಲಕ್ಕಿಂತ ಹೆಚ್ಚಾಗಿ ಉರಿಸಿದ್ದು, ಇದು ನನಗೆ ಯಾಕೆ ಹೊಳೆಯಲಿಲ್ಲ ಅನ್ನುವುದು. ಹೊಳೆಯಬೇಕಾದರೆ ಆ ಡಿಗ್ರಿ ಬೇಕಾ? ಒಂಬತ್ತನೇ ಕ್ಲಾಸಿನ ತಲೆಗೆ ಅಷ್ಟು ದೂರ ಕಾಣಿಸುವುದಿಲ್ಲವಾ?

ಅಕ್ಕ ರಿಪೋರ್ಟ್ ಕಾಗದ ತರಲು ಬಂದವಳು ಅಲ್ಲೇ ನಿಂತು ನೋಡುತ್ತಿದ್ದಳು. ಅವಳ ಮುಖದ ಮೇಲೆ ನನ್ನ 'ಭೇಷ್ ಕಣೋ' ಇತ್ತು. ನಾನು ಟೀ ಲೋಟ ತೊಳೆಯುವ ನೆಪದಲ್ಲಿ ಹೊರಗೆ ಹೋದೆ.

ಗಿರಣಿ ಕೇಂದ್ರಗಳಲ್ಲಿ ಇಲ್ಲ ಅನ್ನುವುದು ಆ ಕ್ಷಣಕ್ಕೆ ನನಗೆ ನೆನಪಿಗೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಪರದೆಯ ಮೇಲೆ ಗಿರಣಿ ಓಡಿದ್ದು ಕಂಡ ಕೂಡಲೇ ಬಂತು. ಬಾಯಿಯ ತನಕ ಬಂದು ಅಲ್ಲೇ ಕೂತಿತು. ಡಾಕ್ಟರ ಅಪ್ಪಣೆ ಹಳೆಯದು, ಅವರೇ ಮರೆತಿದ್ದರು. ಅಕ್ಕನಿಗೆ ಕಪಾಟಿನೊಳಗಿನ ಸಂಗತಿ ಗೊತ್ತಿಲ್ಲ. ಗೊತ್ತಿದ್ದವನು ನಾನೊಬ್ಬನೇ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅವನು ಫ್ಯಾನಿನ ಕೆಳಗೆ, ಅವನ ಪಕ್ಕ ಅಕ್ಕ, ನಾನು ಬಾಗಿಲ ಹತ್ತಿರ. ಸಂಜೆ ಹದಿನಾಲ್ಕು ಯಂತ್ರಗಳಿಗೂ ತಂತಿಯ ಮೇಲೆ ಕಳಿಸುವವನಿದ್ದ. ತುತ್ತು ಕಲಸುತ್ತಾ, ಒಂದು ಸಲ ಯಾವುದಾದರೂ ಕೇಂದ್ರಕ್ಕೆ ಹೋಗಿ ನೋಡಿಕೊಂಡು ಬರೋಣವಾ ಅಂತ ಕೇಳಿದ. ಇವತ್ತು ಎಲ್ಲಾ ಮುಚ್ಚಿರುತ್ತೆ ಅಂದೆ. ಗೊಂಚಲು ನನ್ನ ಸೊಂಟದಲ್ಲೇ ಇತ್ತು.

"ಅಲ್ಲಿನ ಯಂತ್ರಗಳೂ ಲ್ಯಾಬಿನ ಯಂತ್ರದ ಥರಾನೇ ತಾನೆ?" ಅಂದ. "ಇದರಲ್ಲಿ ಇರೋದೆಲ್ಲಾ ಅದರಲ್ಲೂ ಇದೆ ಅಲ್ವಾ?"

"ಇದೆ ಭಾವ," ಅಂದೆ. "ಎಲ್ಲಾ ಒಂದೇ ಥರ."

ಬಾಯಲ್ಲಿ 'ನೀವು', ಹೊಟ್ಟೆಯಲ್ಲಿ 'ನೀನು'. ಅವನು ಸರಿ ಅಂತ ತಲೆಯಾಡಿಸಿ, ಅಮ್ಮ ಅವನ ತಟ್ಟೆಗೆ ಹಾಕಿದ್ದರಲ್ಲಿ ಅರ್ಧ ತೆಗೆದು ನನ್ನ ತಟ್ಟೆಗೆ ಹಾಕಿದ. ಅದನ್ನು ತಿಂದೆ. ಗಂಟಲಲ್ಲಿ ಇಳಿಯಿತು ಕೂಡ.

ನನ್ನ ಲೆಕ್ಕಾಚಾರ ಹೀಗಿತ್ತು. ಸೋಮವಾರ ಏಳೂವರೆಗೆ ಕೇಂದ್ರಗಳು ತೆಗೆಯುತ್ತವೆ. ಅವನ ಪ್ರೋಗ್ರಾಮು ಪಟ್ಟಿ ತರುತ್ತದೆ, ಕ್ಲೈಂಟು ಬರೆಯುತ್ತದೆ, ಬೀಸಲು ಗಿರಣಿ ಹುಡುಕುತ್ತದೆ, ಗಿರಣಿ ಇಲ್ಲ, ಮುಗ್ಗರಿಸುತ್ತದೆ. ಏಳೂವರೆ ಕಳೆಯುತ್ತಲೇ ಹದಿನಾಲ್ಕು ಕಡೆಯಿಂದ ಫೋನು ಬಡಿದುಕೊಳ್ಳುತ್ತದೆ. ಡಾಕ್ಟರು ನನ್ನ ಕಡೆ ನೋಡುತ್ತಾರೆ. ಜೇಬಿನಲ್ಲಿ ಪೆನ್‌ಡ್ರೈವ್, ಸೊಂಟದಲ್ಲಿ ಗೊಂಚಲು, ಕೆಳಗೆ ಸ್ಕೂಟರ್. ಹನ್ನೊಂದರೊಳಗೆ ಎಲ್ಲಾ ಕಡೆ ನನ್ನ ಕ್ಲೈಂಟು. ರೋಗಿಗಳಿಗೆ ಒಂದು ಗಂಟೆ ತಡವಾದೀತು, ಅಷ್ಟೇ ತಾನೇ.

ಏಳೂವರೆಯಾಯಿತು. ಫೋನು ಬಡಿದುಕೊಳ್ಳಲಿಲ್ಲ.

ಎಂಟಾಯಿತು. ಲ್ಯಾಬಿನ ಮೇಜಿನ ಮೇಲೆ ಫೋನು ಸತ್ತ ಆಮೆಯ ಹಾಗೆ ಬಿದ್ದಿತ್ತು. ರಿಸೀವರು ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಎರಡು ಸಲ ಎತ್ತಿ ನೋಡಿದೆ. ಭಾವ ಎದುರಿಗೆ ಕೂತು ಬಿಸ್ಕತ್ತು ಅದ್ದಿ ತಿನ್ನುತ್ತಿದ್ದ. ಒಂಬತ್ತಕ್ಕೆ ವ್ಯಾನು ಬಂತು, ಸೀಸೆಗಳು ಬಂದವು. ಹತ್ತಕ್ಕೆ ಮೊದಲ ಫಲಿತಾಂಶಗಳು ಸರ್ವರಿಗೆ ಹೋದವು. ಕೇಂದ್ರಗಳಲ್ಲಿ ರಿಪೋರ್ಟು ಅಚ್ಚಾಗುತ್ತಿದೆ ಅಂತ ಪರದೆ ತೋರಿಸಿತು. ಒಂದಲ್ಲ, ಎರಡಲ್ಲ, ಹದಿನಾಲ್ಕರಲ್ಲೂ.

ಆ ಮೂರು ಗಂಟೆ ನಾನು ಪಟ್ಟ ಸಂಕಟ ಶತ್ರುವಿಗೂ ಬೇಡ. ಗಿರಣಿ ಇಲ್ಲದ ಮನೆಯಲ್ಲಿ ಇವನು ಹಿಟ್ಟು ಹೇಗೆ ಬೀಸಿದ? ನಾನು ಹೇಳದಿದ್ದರೂ ಇವನಿಗೆ ಗೊತ್ತಿತ್ತಾ? ಗೊತ್ತಿದ್ದೂ ನನ್ನ ಬಾಯಿ ಬಿಡಿಸಲು ಊಟದ ಹೊತ್ತಿಗೆ ಕೇಳಿದನಾ? ಅಥವಾ ಓದಿದವರಿಗೆ ಗೊತ್ತಿರುವ, ನಮ್ಮಂಥವರಿಗೆ ಯಾರೂ ಹೇಳಿಕೊಡದ ಉಪಾಯ ಏನಾದರೂ ಇದೆಯಾ? ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಗಿರಣಿ ಇಲ್ಲ ಅಂತ ನನಗೆ ಗೊತ್ತಿತ್ತು ಅನ್ನುವುದು ಹೊರಗೆ ಬೀಳುತ್ತದೆ.

ಹತ್ತೂವರೆಗೆ ಡಾಕ್ಟರು ಬಂದು ಭಾವನ ಬೆನ್ನು ತಟ್ಟಿದರು. ನನ್ನ ಕಡೆ ಕೈ ಚಾಚಿದರು. ಗೊಂಚಲು ಬಿಚ್ಚಿ ಕೊಟ್ಟೆ. ಪ್ಯಾಂಟು ಒಂದು ಕಡೆ ಹಗುರವಾಗಿ ಜಾರಿದ ಹಾಗಾಯಿತು. ಭಾವ ಅದನ್ನು ತೆಗೆದುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ. ಅದೂ ಅವನ ಒಳ್ಳೆಯತನವೇ ಇರಬೇಕು. ಸುಡಲಿ.

ಹನ್ನೊಂದೂ ಕಾಲಿಗೆ ಫೋನು ಬಂತು. ಅಕ್ಕ. ಭಾವನ್ನ ಕರೀಲಾ ಅಂದೆ. ಬೇಡ, ನೀನೇ ಕೇಳು ಅಂದಳು.

ಅವಳ ಕೇಂದ್ರಕ್ಕೆ ಹದಿನೈದು ದಿನಕ್ಕೊಮ್ಮೆ ಒಬ್ಬ ಮುದುಕ ಬರುತ್ತಾನೆ. ಬೇಸಿಗೆಯಲ್ಲೂ ಉಣ್ಣೆ ಟೋಪಿ, ಅದಕ್ಕೇ ಟೋಪಿ ತಾತ. ಹೃದಯದ ಕಾಯಿಲೆ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಾನೆ. ರಕ್ತ ಎಷ್ಟು ತೆಳುವಾಗಿದೆ ಅಂತ ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡಬೇಕು, ಅಂಕಿ ಏರಿದಷ್ಟೂ ರಕ್ತ ತೆಳು. ಆ ಬೆಳಿಗ್ಗೆ ಅಕ್ಕ ಸೂಜಿ ತೆಗೆದ ಮೇಲೆ ಅವನ ರಕ್ತ ನಿಂತಿರಲಿಲ್ಲ. ಹತ್ತಿ ಒತ್ತಿ ಹಿಡಿದೇ ಇದ್ದಳು, ಹತ್ತಿ ನೆನೆಯಿತು, ಇನ್ನೊಂದು ಒತ್ತಿದಳು, ಅದೂ ನೆನೆಯಿತು. ತೋಳಿನ ಮೇಲೆ ಹಳೇ ನೀಲಿ ಕಲೆಗಳು ಬೇರೆ. ಈಗ ರಿಪೋರ್ಟು ಬಂದಿತ್ತು. ಹೋದ ಸಲ ಎರಡು ಪಾಯಿಂಟ್ ಮೂರು. ಈ ಸಲವೂ ಎರಡು ಪಾಯಿಂಟ್ ಮೂರು. ಕಾಗದದ ಪ್ರಕಾರ ತಾತ ಆರಾಮ.

"ಕಾಗದ ಸುಳ್ಳು ಹೇಳ್ತಿದೆ ಕಣೋ," ಅಂದಳು ಅಕ್ಕ. "ಆ ರಕ್ತ ನಾನು ಕೈಯಾರೆ ಹಿಡಿದು ನೋಡಿದೀನಿ."

ಇನ್ನೊಂದು ವಿಷಯ, ಹೊಸದಾಗಿ ಬಂದವರ ರಿಪೋರ್ಟುಗಳಲ್ಲಿ ಅಂಕಿಯ ಜಾಗ ಖಾಲಿ ಬರುತ್ತಿದೆ, ಪರೀಕ್ಷೆ ಇನ್ನೂ ಆಗಿಲ್ಲ ಅಂತ ಅವರನ್ನು ಕೂರಿಸಿದ್ದೇನೆ ಅಂದಳು. ಆ ಮಾತು ಮುಗಿಯುವ ಮೊದಲೇ ತಾತ ಎಲ್ಲಿ ಅಂತ ಕೇಳಿದೆ. ಕುರ್ಚಿಯಲ್ಲೇ ಇದಾನೆ, ನಾನು ಬಿಟ್ಟಿಲ್ಲ ಅಂದಳು.

ದೊಡ್ಡ ಲ್ಯಾಬಿನ ಸರ್ವರಿನಲ್ಲಿ ತಾತನ ನಂಬರು ಹಾಕಿ ನೋಡಿದೆ. ಹಿಂದಿನದು ಎರಡು ಪಾಯಿಂಟ್ ಮೂರು. ಇಂದಿನದು ಐದು ಪಾಯಿಂಟ್ ಎಂಟು.

ಭಾವನನ್ನು ಕೂಗಿ, ಎಲ್ಲಾ ಕಡೆ ಅಚ್ಚು ನಿಲ್ಲಿಸಿ ಅಂತ ಫೋನು ಮಾಡಿಸಿ, ಇಬ್ಬರೂ ಸ್ಕೂಟರು ಹತ್ತಿದೆವು. ಒಂಬತ್ತನೇ ಕೇಂದ್ರದಲ್ಲಿ ಕಪಾಟಿನ ಮುಂದೆ ಅವನು ಗೊಂಚಲಿನ ಕೈಗಳನ್ನು ಒಂದೊಂದಾಗಿ ತೂರಿಸಿ ನೋಡತೊಡಗಿದ. ಕಸಿದುಕೊಂಡು ನಾನೇ ತೆಗೆದೆ. ಪರದೆ ಬೆಳಗಿದ ಮೇಲೆ ಎಲ್ಲಾ ಅರ್ಥವಾಯಿತು.

ಅವನ ಪ್ರೋಗ್ರಾಮು ಪಟ್ಟಿ ತಂದಿತ್ತು, ಕ್ಲೈಂಟು ಬರೆದಿತ್ತು, ಗಿರಣಿ ಹುಡುಕಿತ್ತು, ಸಿಕ್ಕಿರಲಿಲ್ಲ. ಆದರೆ ಮುಗ್ಗರಿಸಿರಲಿಲ್ಲ. ಭಾವ ಒಳ್ಳೆಯವನಲ್ಲವಾ, ಅವನ ಪ್ರೋಗ್ರಾಮೂ ಒಳ್ಳೆಯದೇ. ಹೊಸ ಕ್ಲೈಂಟು ತಯಾರಾಗದಿದ್ದರೆ ರೋಗಿಗಳು ಕಾಯುವುದು ಬೇಡ, ಹಳೆಯದನ್ನೇ ಓಡಿಸು ಅಂತ ಅದಕ್ಕೆ ಹೇಳಿಕೊಟ್ಟಿದ್ದ. ಹಳೆಯದು ಅಂದರೆ ನನ್ನದು. ನಾನು ಕೈಯಲ್ಲಿ ಬರೆದದ್ದು. ನಾಲ್ಕು ವರ್ಷದ ಹಿಂದೆ ಅವಸರದಲ್ಲಿ ಬರೆದಾಗ, ಉತ್ತರದಲ್ಲಿನ ಮನೆಗಳನ್ನು, ಅಂದರೆ ಖಾನೆಗಳನ್ನು, ಹೆಸರು ಓದಿ ಗುರುತಿಸುವ ಬದಲು ಎಣಿಸಿದ್ದೆ: ಒಂದನೆಯದು ನಂಬರು, ಎರಡನೆಯದು ಹೆಸರು, ಮೂರನೆಯದು ಪರೀಕ್ಷೆ, ನಾಲ್ಕನೆಯದು ಅಂಕಿ. ಹೊಸ ಪಟ್ಟಿಯಲ್ಲಿ ಹೋದ ಸಲದ ಅಂಕಿಯನ್ನೂ ತೋರಿಸಲಿ ಅಂತ ಮಧ್ಯೆ ಒಂದು ಮನೆ ಸೇರಿಸಿದ್ದರು, ನಾಲ್ಕನೆಯದಾಗಿ. ನನ್ನ ಕ್ಲೈಂಟು ಬೆಳಿಗ್ಗೆಯಿಂದ ಎಲ್ಲರಿಗೂ ಹೋದ ಸಲದ ಅಂಕಿಯನ್ನೇ ಇವತ್ತಿನದು ಅಂತ ಅಚ್ಚು ಹಾಕುತ್ತಿತ್ತು, ಹೊಸಬರಿಗೆ ಹೋದ ಸಲವೇ ಇಲ್ಲದ್ದರಿಂದ ಖಾಲಿ ಬಿಡುತ್ತಿತ್ತು.

ಬೆಳಿಗ್ಗೆಯೆಲ್ಲ ನಾನು ಹೊಟ್ಟೆಕಿಚ್ಚು ಪಟ್ಟಿದ್ದು ನನ್ನದೇ ಕ್ಲೈಂಟಿನ ಮೇಲೆ.

ಭಾವ ಪರದೆಯನ್ನೇ ನೋಡುತ್ತಾ ನಿಂತ. "ಇಲ್ಲಿ ಗಿರಣಿನೇ ಇಲ್ಲ," ಅಂದ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. ನನ್ನ ಕಡೆ ತಿರುಗಿದ. ಒಂದು ಮಾತು ಬರುತ್ತದೆ ಅಂತ ಕಾದೆ. ಅವನು ಮತ್ತೆ ಪರದೆಗೇ ತಿರುಗಿಕೊಂಡ. ಜೇಬಿನ ಪೆನ್‌ಡ್ರೈವ್ ತೊಡೆಗೆ ಚುಚ್ಚುತ್ತಿತ್ತು. ಅದನ್ನು ಹಾಕಿದ್ದರೆ ಮುಗಿಯುತ್ತಿತ್ತು, ಈ ಸಲಕ್ಕೆ. ಆದರೆ ಅದರಲ್ಲೂ ನಾನು ಎಣಿಸಿಯೇ ಬರೆದಿದ್ದೆ, ಹಳೇ ಅಭ್ಯಾಸ. ಮುಂದಿನ ತಿಂಗಳು ಯಾರಾದರೂ ಇನ್ನೊಂದು ಮನೆ ಸೇರಿಸಿದರೆ ಇನ್ನೊಬ್ಬ ತಾತ.

ಹೇಳಲೋ ಬೇಡವೋ ಅಂದುಕೊಂಡೇ ಹೇಳಿದೆ. ಸೀಸೆಗೆ ಅಂಟಿಸುವ ಚೀಟಿ ಅಚ್ಚು ಹಾಕಲು ಹದಿನಾಲ್ಕು ಯಂತ್ರಗಳಲ್ಲೂ ಒಂದು ಪುಟ್ಟ ಪ್ರೋಗ್ರಾಮಿದೆ. ಬರೆದ ಸಾಲನ್ನು ಹಾಗೇ ಓದಿ ಹಾಗೇ ನಡೆಸುತ್ತದೆ. ಬೀಸುವುದೇ ಬೇಡ, ಕಾಳನ್ನೇ ಜಗಿಯುವ ಜಾತಿ. ನಿಧಾನ, ಆದರೆ ಹಲ್ಲು ಗಟ್ಟಿ. ನಿಮ್ಮ ಪ್ರೋಗ್ರಾಮು ಕ್ಲೈಂಟನ್ನು ಅದರ ಭಾಷೆಯಲ್ಲಿ ಬರೆದರೆ ಗಿರಣಿಯ ಹಂಗಿಲ್ಲ ಅಂದೆ. ಆ ಭಾಷೆ ಅವನಿಗೆ ಬರುತ್ತಿರಲಿಲ್ಲ. ನಾನು ಹೇಳಿಕೊಡುತ್ತಾ ಹೋದೆ, ಅವನು ತನ್ನ ಪ್ರೋಗ್ರಾಮಿನ ಬಾಯಿ ತಿರುಗಿಸುತ್ತಾ ಹೋದ. ಒಂದೇ ಸ್ಟೂಲು, ಅರ್ಧ ಅವನಿಗೆ, ಅರ್ಧ ನನಗೆ. ನಾನು ಎರಡು ವರ್ಷದಲ್ಲಿ ಕಲಿತದ್ದನ್ನು ಅವನು ಅರ್ಧ ಗಂಟೆಯಲ್ಲಿ ಹಿಡಿದ. ಆಗಲೂ ಉರಿಯಿತು. ತಪ್ಪು ಮಾಡಿದವನಿಗೆ ಉರಿ ಕಡಿಮೆಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಒಂದೂವರೆಗೆ ಪರದೆಯ ಮೇಲೆ ಕ್ಲೈಂಟು ತನ್ನನ್ನು ತಾನೇ ಬರೆದುಕೊಂಡಿತು, ಹೆಸರು ಓದಿ ಮನೆ ಗುರುತಿಸಿತು, ಗಿರಣಿಯಿಲ್ಲದೆ ಓಡಿತು. ಅಚ್ಚಿನಿಂದ ತಾತನ ಕಾಗದ ಬಂತು. ಐದು ಪಾಯಿಂಟ್ ಎಂಟು. ಅಕ್ಕ ಅದನ್ನು ಕಿತ್ತುಕೊಂಡು, ಅವನನ್ನು ಆಟೋದಲ್ಲಿ ಕೂರಿಸಿ, ಎರಡು ಗಂಟೆಗಷ್ಟೇ ಸಿಗುವ ಅವನ ವೈದ್ಯರ ಹತ್ತಿರ ತಾನೇ ಕರೆದುಕೊಂಡು ಹೋದಳು. ಉಳಿದ ಹದಿಮೂರು ಯಂತ್ರಗಳಿಗೆ ಭಾವ ಅಲ್ಲಿಂದಲೇ ಕಳಿಸಿದ. ಅಷ್ಟರಲ್ಲಿ ನಲವತ್ತೊಂದು ಜನ ತಪ್ಪು ಕಾಗದ ಹಿಡಿದು ಮನೆಗೆ ಹೋಗಿದ್ದರು. ಮಧ್ಯಾಹ್ನವೆಲ್ಲ ಕೂತು ಒಬ್ಬೊಬ್ಬರಿಗೂ ಫೋನು ಮಾಡಿದೆ. ಸಿಗದ ಆರು ಜನರ ಮನೆಗೆ ಸ್ಕೂಟರಿನಲ್ಲಿ ಹೋಗಿ ಹಳೇ ಕಾಗದ ಇಸಿದುಕೊಂಡು ಹೊಸದು ಕೊಟ್ಟು ಬಂದೆ.

ಐದು ಗಂಟೆಗೆ ಡಾಕ್ಟರ ಕೋಣೆಗೆ ಕರೆ ಬಂತು. ಅಕ್ಕನೂ ಬಂದಿದ್ದಳು. ತಾತನ ಮಾತ್ರೆ ನಿಲ್ಲಿಸಿದ್ದಾರೆ, ಇನ್ನೆರಡು ದಿನ ಅದೇ ನುಂಗಿದ್ದರೆ ಒಳಗೇ ರಕ್ತ ಸೋರುತ್ತಿತ್ತಂತೆ ಅಂತ ಹೇಳಿ ಬಾಗಿಲ ಹತ್ತಿರ ನಿಂತಳು.

ಡಾಕ್ಟರು ಗೊಂಚಲನ್ನು ಭಾವನಿಂದ ಕೇಳಿ ಇಸಿದುಕೊಂಡರು. ಸ್ವಲ್ಪ ಹೊತ್ತು ಅಂಗೈಯಲ್ಲಿ ತೂಗಿ ನೋಡಿದರು. ಆಮೇಲೆ ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. ಕೇಂದ್ರದ ಯಂತ್ರದಲ್ಲಿ ಏನಿದೆ ಏನಿಲ್ಲ ಅಂತ ಗೊತ್ತಿಲ್ಲದವರ ಕೈಗೆ ಇದನ್ನು ಕೊಟ್ಟಿದ್ದು ತನ್ನ ತಪ್ಪು, ಇನ್ನು ಇದು ನಿನ್ನ ಹತ್ತಿರವೇ ಇರಲಿ ಅಂದರು. ಗೊಂಚಲು ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿತ್ತು.

ಭಾವ ಬಾಯಿ ತೆಗೆದ. ಈಗ ಹೇಳುತ್ತಾನೆ ಅಂದುಕೊಂಡೆ. 'ನಾನು ಕೇಳಿದ್ದೆ, ಇವನು ಸುಳ್ಳು ಹೇಳಿದ' ಅಂತ. ಹೇಳಬೇಕಾದ್ದೇ. ನಾನಾಗಿದ್ದರೆ ಮೇಜು ಗುದ್ದಿ ಹೇಳುತ್ತಿದ್ದೆ.

"ನಾನೇ ಹೋಗಿ ನೋಡಬೇಕಿತ್ತು ಸರ್," ಅಂದ. "ತಪ್ಪು ನಂದು."

ಅಷ್ಟೇ. ಇರಲಿ ಬಿಡು ಅನ್ನುವ ಅದೇ ದನಿ. ಬಾಗಿಲ ಹತ್ತಿರ ಅಕ್ಕ ಅವನನ್ನು ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು. ಭಾನುವಾರ ಊಟಕ್ಕೆ ಅವಳೂ ಕೂತಿದ್ದಳಲ್ಲ, ಅವನು ಕೇಳಿದ್ದು, ನಾನು ಹೇಳಿದ್ದು ಎರಡೂ ಅವಳ ಕಿವಿಗೆ ಬಿದ್ದಿತ್ತು. ಗೊಂಚಲು ನನ್ನದಾಗುತ್ತದೆ, ಅಕ್ಕನ ಆ ನೋಟ ಅವನದಾಗುತ್ತದೆ. ಕೋಣೆ ಕೊಟ್ಟಾಯಿತು, ಕುರ್ಚಿ ಕೊಟ್ಟಾಯಿತು, ಒಳ್ಳೆಯವನು ಅನಿಸಿಕೊಳ್ಳುವುದನ್ನೂ ಇವನಿಗೇ ಬಿಟ್ಟುಕೊಟ್ಟು, ಇವನು ಭಿಕ್ಷೆ ಹಾಕಿದ ಗೊಂಚಲನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡಬೇಕಾ? ಪಶ್ಚಾತ್ತಾಪದಿಂದ ಬಾಯಿಬಿಟ್ಟೆ ಅಂತ ಯಾರೂ ತಿಳಿಯಬಾರದು. ಹೊಟ್ಟೆಕಿಚ್ಚೇ ಬಾಯಿಬಿಡಿಸಿತು.

"ಅವರು ಕೇಳಿದ್ರು ಸರ್," ಅಂದೆ. "ಎಲ್ಲಾ ಒಂದೇ ಥರ ಅಂತ ಸುಳ್ಳು ಹೇಳ್ದೆ. ಗಿರಣಿ ಇಲ್ಲ ಅಂತ ಗೊತ್ತಿದ್ದೇ ಹೇಳ್ದೆ."

ಡಾಕ್ಟರು ಕನ್ನಡಕ ತೆಗೆದರು. ಒರೆಸಲಿಲ್ಲ, ಹಾಗೇ ಕೈಯಲ್ಲಿ ಹಿಡಿದುಕೊಂಡರು. ಇನ್ನೊಂದು ಕೈಯಿಂದ ಗೊಂಚಲನ್ನು ಎತ್ತಿ ಭಾವನ ಮುಂದಿಟ್ಟರು. ಕೆಲಸದಿಂದ ತೆಗೆಯುವುದಿಲ್ಲ, ಆ ಚೀಟಿ ಪ್ರೋಗ್ರಾಮಿನ ಭಾಷೆ ಬರುವವನು ನೀನೊಬ್ಬನೇ, ನಾಳೆಯಿಂದ ಇವರು ಹೇಳಿದ್ದನ್ನು ಮಾಡು ಅಂದರು. ತೆಗೆದಿದ್ದರೆ ಚೆನ್ನಾಗಿತ್ತು.

ಮನೆಗೆ ಹೋಗುವಾಗ ಅಕ್ಕ ಎಂದಿನಂತೆ ನನ್ನ ಸ್ಕೂಟರಿನಲ್ಲೇ ಕೂತಳು. ಯಾವಾಗಲೂ ನನ್ನ ಹೆಗಲು ಹಿಡಿದುಕೊಳ್ಳುವವಳು ಅವತ್ತು ಹಿಂದಿನ ಕಬ್ಬಿಣದ ಸರಳು ಹಿಡಿದಿದ್ದಳು.

"ಹನ್ನೆರಡು ನಿಮಿಷ ಹತ್ತಿ ಒತ್ತಿ ಹಿಡಿದಿದ್ದೆ," ಅಂದಳು ಮನೆಯ ತಿರುವಿನಲ್ಲಿ. "ಗಡಿಯಾರ ನೋಡ್ತಾ ಇದ್ದೆ."

ತಪ್ಪಾಯ್ತು ಅಂತ ನಾನು ಹೇಳಲಿಲ್ಲ. ಮೇಷ್ಟ್ರಿಗೂ ಹೇಳಿದವನಲ್ಲ. ಆದರೆ ಅವತ್ತು ಹೇಳಬೇಕು ಅನಿಸಿಯೇ ಇರಲಿಲ್ಲ. ಇವತ್ತು ನಾಲಿಗೆಯ ಮೇಲೆ ಇತ್ತು, ಮೂರು ಮಹಡಿ ಹತ್ತುವವರೆಗೂ ಇತ್ತು.

ಭಾವ ಬಸ್ಸಿನಲ್ಲಿ ಬಂದ. ಅಮ್ಮ ಕಪ್ಪಿನ ಹಿಡಿ ತಿರುಗಿಸಿ ಟೀ ಕೊಟ್ಟಳು. ಅವನು ಫ್ಯಾನಿನ ಕೆಳಗೆ ಕೂತು ಗೊಂಚಲನ್ನು ತೊಡೆಯ ಮೇಲೆ ಹರವಿಕೊಂಡು, ಬಿಳಿ ಚೀಟಿಯ ಸುರುಳಿ ಮತ್ತು ಪೆನ್ನು ತೆಗೆದ. ಗುರುತು ಅಂಟಿಸುವವನಿದ್ದ. ಒಂಬತ್ತನೆಯದೊಂದೇ ಅವನಿಗೆ ಗೊತ್ತಿತ್ತು. ಉಳಿದವನ್ನು ತಿರುಗಿಸಿ ತಿರುಗಿಸಿ ನೋಡಿದ. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ನಾನು ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದೆ, ಬೆನ್ನ ಹಿಂದೆ ಬೀಗದ ಕೈಗಳು ಝಣಗುಟ್ಟುತ್ತಿದ್ದವು. ಸದ್ದಿನಲ್ಲೇ ಗೊತ್ತಾಗುತ್ತಿತ್ತು, ಇದು ನಾಲ್ಕನೆಯದು, ಇದು ಏಳನೆಯದು.

ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ತಿರುಗಿ ನೋಡಿದೆ. ಎರಡು ಬೀಗದ ಕೈಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದಿದ್ದ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು.

"ಇವೆರಡೂ ಒಂದೇ ಥರ ಇದಾವಲ್ಲ," ಅಂದ ಭಾವ, ಯಾರಿಗೂ ಅಲ್ಲದ ಹಾಗೆ.

ಹ್ಞೂಂ ಅಂದರೆ ಮುಗಿಯುತ್ತಿತ್ತು. ನಾಳೆ ಹದಿಮೂರರ ಕೈ ಹಿಡಿದು ಹದಿನಾಲ್ಕರ ಕಪಾಟಿನ ಮುಂದೆ ಅವನು ಬೆವರುವುದು ಕಣ್ಣಿಗೆ ಕಟ್ಟಿತು. ಎಂಥ ಚೆಂದದ ದೃಶ್ಯ.

"ಇಲ್ಲ ಭಾವ, ಒಂದೇ ಥರ ಅಲ್ಲ," ಅಂದೆ. ಎದ್ದುಹೋಗಿ ಅವನ ಕೈಯಿಂದ ಎರಡನ್ನೂ ಇಸಿದುಕೊಂಡೆ. "ಇದರ ಕೊನೇ ಹಲ್ಲು ಸವೆದಿದೆ ನೋಡಿ, ಇದು ಹದಿಮೂರು. ಹದಿನಾಲ್ಕರದ್ದನ್ನ ಸ್ವಲ್ಪ ಮೇಲಕ್ಕೆತ್ತಿ ತಿರುಗಿಸಬೇಕು, ಇಲ್ಲಾಂದ್ರೆ ಮುರಿಯತ್ತೆ."

ಅವನು ಹದಿಮೂರು ಅಂತ ಬರೆದ ಚೀಟಿ ಹರಿದು ಕೊಟ್ಟ. ನಾನು ಅಂಟಿಸಿದೆ. ಅಕ್ಷರ ಬೇರೆ ಮುತ್ತಿನ ಹಾಗಿತ್ತು, ದರಿದ್ರದವನದು.